ವಸ್ತಿ ಬಸ್ಸು ಬೆಂಗಳೂರಿಗೆ ಹೋದದ್ದು

ನವೆಂಬರ್ 24, ಸೋಮವಾರ

ಇಂದು ಸೂಜಿ ಕೈಯಲ್ಲಿ ನಿಲ್ಲಲಿಲ್ಲ. ಒಂದು ಜಂಪರಿಗೆ ಹುಕ್ಕು ಹಚ್ಚುವಷ್ಟರಲ್ಲಿ ಬೆರಳು ಚುಚ್ಚಿಕೊಂಡೆ. ಬಿಳಿ ಅಸ್ತರಿನ ಮೇಲೆ ಕೆಂಪು ಚುಕ್ಕೆ ಬಿತ್ತು.

ಬೆಂಗಳೂರಿನ ಒಂದು ರಂಗಮಂದಿರದಿಂದ ಶಶಿಕಲಕ್ಕನಿಗೆ ಫೋನು ಬಂದಿತ್ತು. ಡಿಸೆಂಬರ್ ಇಪ್ಪತ್ತರ ಶನಿವಾರ ನಮ್ಮ ನಾಟಕ ಅಲ್ಲಿ ಆಡಬೇಕಂತೆ. ನಮ್ಮ ನಾಟಕ ಅಂದರೆ ನಾನು ಬರೆದದ್ದು, ‘ವಸ್ತಿ ಬಸ್ಸು’. ಭಾಲ್ಕಿಯಲ್ಲಿ ಒಮ್ಮೆ, ಠಾಣಾ ಕುಶನೂರದ ಸಾಲಿ ಅಂಗಳದಲ್ಲಿ ಒಮ್ಮೆ ಆಡಿದ್ದಾರೆ. ಎರಡು ಸಲವೂ ನಾನು ಪರದೆ ಹಗ್ಗದ ಹತ್ತಿರ ಕತ್ತಲಲ್ಲಿ ನಿಂತಿದ್ದೆ. ಅದು ನನಗೆ ಹೇಳಿ ಮಾಡಿಸಿದ ಜಾಗ.

“ನಾಟಕ ಮುಗದ ಮ್ಯಾಲ ಬರದವರು ಮುಂದ ಬಂದು ಮಂದಿ ಜೋಡಿ ಮಾತಾಡಬೇಕಂತ, ಮಲ್ಲು,” ಎಂದರು ಶಶಿಕಲಕ್ಕ, ಕತ್ತರಿ ಕೆಳಗಿಡದೆ. “ಅಲ್ಲಿ ಪದ್ಧತಿ ಹಂಗದಂತ.”

ನಾನು ಹುಕ್ಕು ಹಚ್ಚುತ್ತಿದ್ದೆ. ಚುಚ್ಚಿದ್ದು ಆಗಲೇ.

ಬೆಂಗಳೂರಿನವರಿಗೆ ವಸ್ತಿ ಬಸ್ಸು ಅಂದರೆ ತಿಳಿಯುತ್ತದೋ ಇಲ್ಲವೋ. ಸಂಜೆ ನಮ್ಮ ಖಟಕ ಚಿಂಚೋಳಿಗೆ ಬಂದು, ರಾತ್ರಿ ಅಲ್ಲೇ ನಿಂತು, ಬೆಳಿಗ್ಗೆ ಬೀದರಿಗೆ ಹೊರಡುವ ಬಸ್ಸು. ಅದರಲ್ಲೇ ನಾನು ದಿನಾ ಬೀದರದ ಅಂಚಿನ ಚಿದ್ರಿಯಲ್ಲಿರುವ ಶಶಿಕಲಕ್ಕನ ಹೊಲಿಗೆ ಅಂಗಡಿಗೆ ಬರುವುದು, ಅದರಲ್ಲೇ ಮರಳುವುದು. ಕಂಡಕ್ಟರ್ ಹುಸೇನಣ್ಣ ನಾನು ಬಾಯಿ ತೆರೆಯುವ ಮೊದಲೇ ಚಿದ್ರಿ ಟಿಕೇಟು ಕೊಟ್ಟುಬಿಡುತ್ತಾನೆ. ಇಷ್ಟು ವರ್ಷದಲ್ಲಿ ಅವನೊಂದಿಗೆ ಒಂದು ಮಾತೂ ಆಡುವ ಕೆಲಸ ಬಿದ್ದಿಲ್ಲ. ಬಹಳ ಒಳ್ಳೆಯ ಮನುಷ್ಯ.

ನಾಟಕದಲ್ಲಿ ಇಬ್ಬರು ಹೆಂಗಸರು ಆ ಬಸ್ಸಿಗೆ ಕಾಯುತ್ತಾರೆ, ಅಷ್ಟೇ. ಒಬ್ಬಾಕೆ ಮುದುಕಿ, ಒಬ್ಬಾಕೆ ಗಂಡನ ಮನೆ ಬಿಟ್ಟು ಬಂದವಳು, ಅದು ಶಶಿಕಲಕ್ಕನ ಪಾತ್ರ. ನಡುವೆ ಒಬ್ಬ ಚಹಾದ ಅಂಗಡಿಯವ. ಕಡೆಗೆ ದೂರದಲ್ಲಿ ಒಂದು ಹಾರ್ನ್ ಕೇಳುತ್ತದೆ, ದೀಪ ಆರುತ್ತದೆ.

ಮುಂದೆ ನಿಂತರೆ ಮೊದಲು ಕೇಳುವುದು ಎಲ್ಲಿಯ ತನಕ ಓದಿದ್ದೀರಿ ಎಂದೇ. ಐದನೆಯ ತನಕ ಎನ್ನಬೇಕು. ಐದನೆಯದು ಮುಗಿದ ವರ್ಷ ಅಪ್ಪನ ಕುರಿಗಳ ಹಿಂದೆ ಔರಾದ ಕಡೆ ಹೋದೆ. ತಿರುಗಿ ಬಂದಾಗ ಸಾಲಿಯವರು ಕರೆಯಲಿಲ್ಲ, ನಾನೂ ಹೋಗಲಿಲ್ಲ. ಇದನ್ನು ಮೈಕಿನಲ್ಲಿ ಹೇಳಲು ನನ್ನಿಂದ ಆಗದು.

ನವೆಂಬರ್ 27, ಗುರುವಾರ

“ಸ್ಟೇಜಿಗಿ ಬರಂಗಿಲ್ಲ, ಮಾತಾಡಂಗಿಲ್ಲ. ಹಂಗಾದ್ರ ಕೆಲಸರ ಮಾಡು,” ಎಂದರು ಶಶಿಕಲಕ್ಕ. “ಹೋಗೂದು, ಇರೂದು, ಬರೂದು, ಮೂರೂ ನೀನೇ ನೋಡು.” ಫೋನನ್ನು ನನ್ನ ಮಡಿಲಿಗೆ ಹಾಕಿ ಗಿರಾಕಿಯ ಅಳತೆ ತೆಗೆಯಲು ಎದ್ದರು.

ರಂಗಮಂದಿರದ ಮೇಡಂ ಮಾತು ಮೃದುವಾಗಿತ್ತು. ಬೆಂಗಳೂರಿನ ಕನ್ನಡ, ರೇಡಿಯೋದಂತೆ.

“ಬರೆದವರಿಗೆ ನಾವು ಫ್ಲೈಟ್ ಟಿಕೆಟ್ ಮಾಡ್ತೀವಿ. ಉಳಿದವರಿಗೆ ಟ್ರೈನ್. ಬೀದರ್ ಏರ್‌ಪೋರ್ಟೋ ಹೈದರಾಬಾದೋ ಯಾವುದು ಅನುಕೂಲ ನೋಡಿ ಹೇಳಿ. ಬರೆದವರ ಹೆಸರು ಏನಂದ್ರಿ? ಪೋಸ್ಟರ್‌ಗೂ ಬೇಕಿತ್ತು.”

ಹೇಳಬೇಕಿತ್ತು. ನಾಲಿಗೆಯ ಮೇಲೆ ಬಂದಿತ್ತು ಕೂಡ. ಪೋಸ್ಟರು, ಟಿಕೇಟು, ಆಮೇಲೆ ಮೈಕು. ಒಂದು ಹೆಸರು ಕೊಟ್ಟರೆ ಮೂರಕ್ಕೂ ಕೊಟ್ಟಂತೆ.

“ಶಶಿಕಲಾ,” ಅಂದೆ.

“ಸರಿ. ಈಗ ಮಾತಾಡ್ತಿರೋದು ಯಾರು?”

“ನಾ ಅಂಗಡಿಯಾಕಿರಿ.”

ನವೆಂಬರ್ 28, ಶುಕ್ರವಾರ

ಶಶಿಕಲಕ್ಕನಿಗೆ ಹೇಳಿಲ್ಲ. ಊಟದ ಡಬ್ಬಿ ತೆರೆಯದೆ ಮನೆಗೆ ತಂದೆ. ಅವ್ವ ತೆರೆದು ನೋಡಿದಳು.

ಡಿಸೆಂಬರ್ 1, ಸೋಮವಾರ

ಹೇಳಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ಹೊಲಿಗೆ ಯಂತ್ರದ ಸದ್ದು ನಡೆದಿರುವಾಗಲೇ ಹೇಳಿದೆ, ಅರ್ಧ ಕೇಳದೆ ಹೋಗಲಿ ಎಂದು. ಎಲ್ಲ ಕೇಳಿತು. ಕಾಲು ನಿಲ್ಲಿಸಿದರು.

“ನಿನ್ನ ಕೂಸಿಗಿ ನನ್ನ ಹೆಸರ ಹಚ್ಚಿಯಾ?”

“ನೀವೇ ಬರದೀರಿ ಅಂತ ಹೇಳಿಬಿಡ್ರಿ ಅಕ್ಕ. ನಿಮಗ ಮಾತು ಬರ್ತದ. ನನಗ ಬರಂಗಿಲ್ಲ.”

“ಮಾತ ಬರಂಗಿಲ್ಲಂದ್ರ ಮುದುಕಿ ಬಾಯಾಗ ಅಷ್ಟ ಮಾತ ಯಾರ ಹಾಕ್ಯಾರ? ನಿಮ್ಮ ಕುರಿ ಹಾಕ್ಯಾವೇನ?”

ಸಿಟ್ಟಿನಲ್ಲಿ ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಸಣ್ಣ ದನಿಯಲ್ಲಿ ಅಂದದ್ದು ಹೀಗೆ. “ನೋಡು ಮಲ್ಲು. ನಾ ಬರದೀನಿ ಅಂತ ನಾ ಹೇಳಂಗಿಲ್ಲ. ನೀ ಬರದಿ ಅಂತನೂ ಹೇಳಂಗಿಲ್ಲ. ಅದು ನಿನ್ನ ಬಾಯಿ ಕೆಲಸ. ನನ್ನ ಹೆಸರು ಕರದ್ರ ಮೈಕಿನ ಮುಂದ ಹೋಗಿ ಹಿಂದಿನ ಸಾಲ ನೋಡ್ಕೋತ ನಿಂದರ್ತೇನಿ. ಎಷ್ಟ ಹೊತ್ತಾದ್ರೂ ನಿಂದರ್ತೇನಿ.”

ಆಮೇಲೆ ಯಂತ್ರ ತುಳಿಯುತ್ತಾ, “ಇನ್ನ ವಿಮಾನ. ಬರದವರ ಟಿಕೇಟಿನ ಮ್ಯಾಲ ನಾ ಹತ್ತಂಗಿಲ್ಲ,” ಎಂದರು.

ಹಿಂದಿನ ಸಾಲಿನಲ್ಲಿ ನಾನು ಕೂತಿರಬೇಕು ಎಂಬುದನ್ನೂ ಅದರಲ್ಲೇ ಸೇರಿಸಿಬಿಟ್ಟರು. ಬೆಂಗಳೂರಿಗೆ ಬರುವುದಿಲ್ಲ ಎಂದು ಹೇಳಲು ನನಗೆ ಜಾಗವೇ ಉಳಿಯಲಿಲ್ಲ.

ಡಿಸೆಂಬರ್ 4, ಗುರುವಾರ

ಮೇಡಂಗೆ ಫೋನು ಮಾಡಿ, ಶಶಿಕಲಕ್ಕ ವಿಮಾನಕ್ಕೆ ಒಲ್ಲೆ ಅಂತಾರೆ, ನಮ್ಮಲ್ಲಿ ಒಬ್ಬರು ವಯಸ್ಸಾದವರಿದ್ದಾರೆ, ಅವರಿಗೆ ಆಗುತ್ತದಾ ಎಂದೆ. ಆಗಲಿ ಎಂದರು. ಅದಕ್ಕೇ ಇಂದು ತಾಲೀಮಿಗೆ ಠಾಣಾ ಕುಶನೂರಕ್ಕೆ ಹೋದಾಗ ವಿಮಾನದ ಮಾತು ತೆಗೆದೆ.

ಮುದುಕಿಯ ಪಾತ್ರ ಮಾಡುವ ಶಾಂತಾಬಾಯಿ ಆಯಿಯ ಊರು ಅದು. ಆಯಿಗೆ ಮೊಣಕಾಲು ನೋವು. ನಾಟಕದಲ್ಲಿ ಕುಂಟುವುದು ನಟನೆ ಅಂತ ಭಾಲ್ಕಿಯವರು ಚಪ್ಪಾಳೆ ಹೊಡೆದಿದ್ದರು. ಚಹಾದ ಅಂಗಡಿಯವನ ಪಾತ್ರ ಮಕ್ಸೂದ ಮಾಮಾನದು. ಅವರದೇ ಕ್ರೂಸರ್ ಗಾಡಿ, ನಮ್ಮ ಓಡಾಟವೆಲ್ಲ ಅದರಲ್ಲೇ.

“ಬೀದರ ವಿಮಾನ ನಮ್ಮ ಚಿದ್ರಿ ಆಚೀಕೇ ಏರ್ತದ,” ಎಂದರು ಮಾಮಾ. “ಆದ್ರ ನಮಗ ಬೇಕಾದ ದಿನಾ ಇಲ್ಲ, ವಿಚಾರಿಸೀನಿ. ಹೈದ್ರಾಬಾದಿಗಿ ಹೋಗಬೇಕಂದ್ರ ಗಾಡ್ಯಾಗ ಅರ್ಧಾ ದಿನಾ ಕುಂತು, ಆಮ್ಯಾಲ ಅಷ್ಟ ದೊಡ್ಡ ನಿಲ್ದಾಣದಾಗ ನಡೀಬೇಕು. ಆಯಿ, ನಿಮ್ಮ ಮಳಕಾಲ ಒಪ್ಪತಾವೇನ್ರಿ?”

“ರೊಟ್ಟಿ ಗಂಟ ಒಯ್ಯಾಕ ಬಿಡ್ತಾರೇನ ಅದರಾಗ?”

“ನಿಮ್ಮ ಕಟಕ ರೊಟ್ಟಿ ಅವರ ಮಷೀನದಾಗ ಹಾಕಿದ್ರ ಮಷೀನ ಮುರೀತದರಿ.”

“ನಿನ್ನ ಹಲ್ಲ ಇನ್ನಾ ಮುರದಿಲ್ಲಲ್ಲ, ತಿಂದ ತಿಂದ.” ಆಯಿ ಮೊಣಕಾಲು ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಮ್ಯಾಲಿಂದ ನನ್ನ ಹೊಲ ಕಾಣ್ತದೇನ ಮಗಳ?” ಎಂದಳು.

ಬೀದರದಿಂದ ಏರಿದರೆ ಕಾಣಬಹುದೇನೋ, ಹೈದರಾಬಾದಿನಿಂದ ಏರಿದರೆ ಕಾಣುವುದಿಲ್ಲ ಎಂದೆ.

“ಹಂಗಾದ್ರ ಏನ ನೋಡಾಕ ಏರಲಿ. ಮತ್ತ ಒಬ್ಬಾಕಿನೇ. ಬ್ಯಾಡ ಬಿಡು, ರೈಲಾಗ ಕೆಳಗಿನ ಬರ್ತ್ ಕೊಡಸು. ನಾಕೂ ಮಂದಿ ಕೂಡಿ ಹೋಗೂಣು.”

ನಮ್ಮ ಕಡೆ ದಿನಾ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಯುವವರು ತಲೆಯ ಮೇಲೆ ಸುತ್ತುತ್ತಿರುತ್ತಾರೆ. ನಮ್ಮ ಕುರಿಗಳು ಸಹ ಕತ್ತೆತ್ತುವುದಿಲ್ಲ. ಆಯಿ ಮಾತ್ರ ಇಂದು ನಾವು ಗಾಡಿ ಹತ್ತುವ ತನಕ ಎರಡು ಸಲ ಕತ್ತೆತ್ತಿದಳು.

ಡಿಸೆಂಬರ್ 8, ಸೋಮವಾರ

ಬೀದರ ಸ್ಟೇಷನ್ನಿನಲ್ಲಿ ಟಿಕೇಟಿಗೆ ಸಾಲಿನಲ್ಲಿ ನಿಂತೆ. ಕಿಟಕಿಯವರು “ಜೋರ ಹೇಳ್ರಿ” ಎಂದರು. ಹೇಳಿದೆ. “ಕೇಳವಲ್ದು” ಎಂದರು. ಕಡೆಗೆ ನನ್ನ ಹಿಂದೆ ನಿಂತ ಹಿರಿಯರು ನನ್ನ ಚೀಟಿ ಇಸಿದುಕೊಂಡು ಅವರೇ ಓದಿ ಹೇಳಿದರು. ಓದುತ್ತಾ ನಿಂತುಬಿಟ್ಟರು.

“ತಂಗಿ, ಹತ್ತೊಂಬತ್ತ ತಾರೀಕ ಎಳ್ಳ ಅಮಾಸಿ ಅದಲ್ಲ. ಖರೇನ ಅವತ್ತ ಹೊಂಟೀರಿ?”

ಶನಿವಾರದ ನಾಟಕಕ್ಕೆ ಶುಕ್ರವಾರ ಹೊರಡಬೇಕು. ಆ ಶುಕ್ರವಾರವೇ ಅಮಾವಾಸ್ಯೆ. ಬೆಂಗಳೂರಿನವರಿಗೆ ಅದು ಕ್ಯಾಲೆಂಡರಿನಲ್ಲಿ ಒಂದು ಕಪ್ಪು ಚುಕ್ಕೆ. ನಮ್ಮಲ್ಲಿ ಅಂದು ಮನೆಗಳಿಗೆ ಬೀಗ ಹಾಕಿ ಜಿಲ್ಲೆಯೇ ಹೊಲದಲ್ಲಿರುತ್ತದೆ. ಗಾಡಿ ಸಿಗುವುದಿಲ್ಲ, ಆಟೋ ಸಿಗುವುದಿಲ್ಲ, ಚಹಾ ಸಹ ಸಿಗುವುದಿಲ್ಲ.

ರೈಲು ಸಂಜೆಯದು. ನಿಂತಲ್ಲೇ ಲೆಕ್ಕ ಹಾಕಿದೆ. ಮಕ್ಸೂದ ಮಾಮಾ ಬೆಳಿಗ್ಗೆ ಆಯಿಯನ್ನೂ ಶಶಿಕಲಕ್ಕನನ್ನೂ ಕರೆದುಕೊಂಡು ನಮ್ಮ ಹೊಲಕ್ಕೇ ಬರಲಿ. ಎಲ್ಲರೂ ಅಲ್ಲೇ ಉಣ್ಣಲಿ. ಮಧ್ಯಾಹ್ನ ಇಳಿಯುತ್ತಲೇ ಅಲ್ಲಿಂದ ನೇರ ಸ್ಟೇಷನ್ನಿಗೆ. ಹಬ್ಬವೂ ತಪ್ಪುವುದಿಲ್ಲ, ರೈಲೂ ತಪ್ಪುವುದಿಲ್ಲ. ಹಿರಿಯರ ಕಡೆ ನೋಡಿ ತಲೆ ಅಲ್ಲಾಡಿಸಿದೆ, ಅವರು ಕಿಟಕಿಯವರಿಗೆ “ಕೊಡ್ರಿ” ಎಂದರು.

ನನ್ನ ಯೋಜನೆ ಕೇಳಿ ಶಶಿಕಲಕ್ಕ, “ತಲಿ ಅದ ನಿನಗ,” ಎಂದರು. ಬಸ್ಸಿನಲ್ಲಿ ಇಡೀ ದಾರಿ ಅದೇ ಮಾತು ಕೇಳುತ್ತಿತ್ತು.

ಡಿಸೆಂಬರ್ 11, ಗುರುವಾರ

ಇರುವುದಕ್ಕೆ ಮೇಡಂ ಮೂರು ಜಾಗ ಹೇಳಿದ್ದಾರೆ. ರಂಗಮಂದಿರದ ಮೇಲೆಯೇ ಎರಡು ಕೋಣೆ ಇವೆ, ಆದರೆ ಕಡಿದಾದ ಮೆಟ್ಟಿಲು, ಆಯಿಗೆ ಆಗದು. ದೊಡ್ಡ ಹೋಟೆಲು ಒಂದಿದೆ, ಲಿಫ್ಟ್ ಇದೆ, ಆದರೆ ನಾಟಕದ ಜಾಗಕ್ಕೆ ದೂರ. ಬೆಂಗಳೂರಿನ ರಸ್ತೆಯಲ್ಲಿ ಗಾಡಿಗಳು ನಿಂತೇ ಇರುತ್ತವಂತೆ. ಮೂರನೆಯದು ಹಿಂದಿನ ಓಣಿಯ ಲಾಡ್ಜು.

ಫೋನು ಮಾಡಲು ಧೈರ್ಯ ಬರಲು ಎರಡು ಪೆಟಿಕೋಟು ಹೊಲಿಯಬೇಕಾಯಿತು. ಕೇಳುವುದನ್ನೆಲ್ಲ ಬಟ್ಟೆಯ ಮೇಲೆ ಗುರುತು ಹಾಕುವ ಸುಣ್ಣದ ಕಡ್ಡಿಯಿಂದ ಮೇಜಿನ ಮೇಲೆ ಬರೆದುಕೊಂಡೆ. ಕೆಳಗಿನ ಮಹಡಿ. ಬಿಸಿನೀರು. ಕೂರುವ ಸಂಡಾಸು.

“ಹೇಳಿ ಮೇಡಂ,” ಎಂದಿತು ಫೋನು.

ಹಿಂದೆ ತಿರುಗಿ ನೋಡಿದೆ. ಮೇಡಂ ಅಂದದ್ದು ನನಗೇ.

ಕೇಳಿದೆ. ಎಲ್ಲ ಇದೆಯಂತೆ. ಮೇಜಿನ ಮೇಲೆ ಬರೆಯದ ಒಂದು ಮಾತನ್ನೂ ಕೇಳಿಬಿಟ್ಟೆ, “ಕಿಟಕಿ ಅದಾವೇನ್ರಿ? ನಮ್ಮ ಆಯಿಗಿ ಆಕಾಶ ನೋಡಬೇಕಾಗ್ತದ.” ಅವನು ನಕ್ಕ. ಇದೆ, ಮೇಲೆ ವಿಮಾನ ಹೋಗುವುದೂ ಕಾಣುತ್ತದೆ ಎಂದ.

“ಯಾರ ಹೆಸರಲ್ಲಿ ಮಾಡ್ಲಿ ಮೇಡಂ?”

“ಮಲ್ಲೇಶ್ವರಿ.”

“ಸ್ವಲ್ಪ ಜೋರಾಗಿ?”

ಮತ್ತೊಮ್ಮೆ ಹೇಳಿದೆ. ಕೋಣೆಗೆ ಹೆಸರು ಕೊಡುವುದು ಬೇರೆ, ಅದರಲ್ಲೇನಿದೆ. ಬೀಗದ ಕೈ ಯಾರಾದರೂ ಇಸಿದುಕೊಳ್ಳಬೇಕಲ್ಲ.

ಡಿಸೆಂಬರ್ 16, ಮಂಗಳವಾರ

ಪೋಸ್ಟರು ಬಂತು, ಫೋನಿನಲ್ಲಿ. ಕೆಂಪು ಆಕಾಶ, ಒಂದು ಬಸ್ಸಿನ ದೀಪ. ಚೆಂದ ಮಾಡಿದ್ದಾರೆ. ‘ವಸ್ತಿ ಬಸ್ಸು’ ಎಂದು ದೊಡ್ಡದಾಗಿ, ಕೆಳಗೆ ‘ರಚನೆ: ಶಶಿಕಲಾ, ಬೀದರ್’.

ಅಂಗಡಿಯಲ್ಲಿ ಶಶಿಕಲಕ್ಕ ನೋಡಿದರು, ಫೋನು ಬೋರಲು ಇಟ್ಟು ಕೆಲಸ ಮುಂದುವರಿಸಿದರು.

ಮನೆಗೆ ಬಂದು ಅವ್ವನಿಗೆ ತೋರಿಸಿದೆ. ತೋರಿಸಬಾರದಿತ್ತು. ಅವ್ವನಿಗೆ ಓದು ಬರುವುದಿಲ್ಲ. ಒಲೆ ಮುಂದೆ ಕೈ ಒರೆಸಿಕೊಂಡು ಫೋನು ಹಿಡಿದು, “ಇದರಾಗ ನಿನ್ನ ಹೆಸರ ಯಾವದು?” ಎಂದಳು.

ಬೆರಳಿಟ್ಟು ತೋರಿಸಿದೆ. ಎಲ್ಲಿ ಇಟ್ಟೆ ಎಂದು ಇಲ್ಲಿ ಸಹ ಬರೆಯಲಾರೆ.

ಅವ್ವ ಆ ಜಾಗ ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

ಡಿಸೆಂಬರ್ 19, ಶುಕ್ರವಾರ. ರೈಲಿನಲ್ಲಿ

ರೈಲು ನಡುಗುತ್ತಿದೆ. ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ಎಲ್ಲ ನಾನು ಅಂದುಕೊಂಡಂತೆಯೇ ನಡೆಯಿತು. ಕ್ರೂಸರ್ ಹೊಲದ ದಾರಿಯಲ್ಲಿ ಧೂಳೆಬ್ಬಿಸುತ್ತ ಬಂತು. ಜೋಳದ ಕಣಿಕೆಯ ಕೊಂಪೆಯೊಳಗೆ ಸುಣ್ಣ ಬಳಿದ ಐದು ಕಲ್ಲು, ಮುಂದೆ ಅವ್ವ ಹೊತ್ತು ತಂದ ಬುಟ್ಟಿಗಳು. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಗಡಿಗೆ ತುಂಬ ಹುಳಿ ಬಂದ ಅಂಬಲಿ, ಕುಡಿದರೆ ಕಣ್ಣು ಎಳೆಯುವಂಥದ್ದು. ಪೂಜೆ ಆಯಿತು. ಅಪ್ಪ ಪೂಜೆಯ ಎಡೆಯನ್ನು ಬೆಳೆಗೆ ತೂರಿ ಚರಗ ಚೆಲ್ಲುತ್ತ ಹೊಲ ಸುತ್ತಿದ, ಅವನ ಹಿಂದೆ ಕೂಗುತ್ತ ಹೋಗಬೇಕಾದ್ದು ನಾನು. ಪ್ರತಿ ವರ್ಷದಂತೆ ತುಟಿ ಅಲ್ಲಾಡಿಸಿದೆ. ಅಪ್ಪನಿಗೆ ಗೊತ್ತಿದೆ, ಅವನೇ ಇಬ್ಬರದೂ ಕೂಗಿಕೊಳ್ಳುತ್ತಾನೆ.

ಉಂಡೆವು. ಅಪ್ಪ ಕುರಿಗಳ ಕಡೆ ಹೋದ. ಶಶಿಕಲಕ್ಕ ನೆರಳಿನಲ್ಲಿ ನಾಟಕದ ಮಾತು ಒಪ್ಪಿಸುತ್ತಿದ್ದರು. ಹೊರಡುವ ಹೊತ್ತಾಯಿತು. ಗಾಡಿ ಇತ್ತು. ಮಕ್ಸೂದ ಮಾಮಾ ಇರಲಿಲ್ಲ.

ನನ್ನ ತಪ್ಪು ಆಗ ತಿಳಿಯಿತು. ಎಳ್ಳ ಅಮಾವಾಸ್ಯೆಯ ದಿನ ಗಾಡಿ ಓಡಿಸುವವರನ್ನು ಯಾರಾದರೂ ಹೊಲಕ್ಕೆ ತರುತ್ತಾರೆಯೇ. ಅಂದು ದಾರಿಯಲ್ಲಿ ಹೋಗುವವರನ್ನೂ ಕೈ ಹಿಡಿದು ಎಳೆದು ಉಣ್ಣಿಸುತ್ತಾರೆ. ಮಾಮಾನನ್ನು ಈ ಸೀಮೆಯಲ್ಲಿ ಯಾರು ತಿಳಿಯರು. ಒಬ್ಬರ ಹೊಲದಲ್ಲಿ ಉಂಡು ಇನ್ನೊಬ್ಬರದು ಒಲ್ಲೆ ಅಂದರೆ ವರ್ಷವಿಡೀ ಮಾತು ಬಿಡುತ್ತಾರೆ. ನಮ್ಮ ಊಟ ಮುಗಿದ ಮೇಲೆ ಅವರನ್ನು ಪಕ್ಕದ ಹೊಲದವರು ಕರೆದೊಯ್ದಿದ್ದರು. ಅಲ್ಲಿ ಕೇಳಿದರೆ ಅದರಾಚೆಯವರು. ಅಲ್ಲಿ ಕೇಳಿದರೆ, “ಅಂಬಲಿ ಕುಡದು ಹೋದ್ರಲ್ಲ.” ಫೋನು ಗಾಡಿಯಲ್ಲೇ ಬಡಿದುಕೊಳ್ಳುತ್ತಿತ್ತು.

ತೊಗರಿ ಈಗ ಆಳೆತ್ತರ. ಒಳಗೆ ಆನೆ ನಿಂತರೂ ಕಾಣದು.

“ಕೂಗು ಮಲ್ಲು,” ಎಂದಳು ಆಯಿ. “ನಾ ಓಡಲಾರೆ. ಆಕೀಗಿ ನಾಳಿಗಿ ದನಿ ಬೇಕು.” ಶಶಿಕಲಕ್ಕ ಬಾಯಿ ತೆರೆಯಹೋಗಿದ್ದರು. ಆಯಿ ಅವರ ಕೈ ಹಿಡಿದು ಕೂರಿಸಿದಳು.

“ಮಾಮಾ,” ಎಂದೆ. ನನಗೇ ಕೇಳಲಿಲ್ಲ.

ಬದುವಿನ ಮೇಲೆ ಹತ್ತಿ ನಿಂತೆ. ಮಾಮಾ ಇಲ್ಲದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ರೈಲು ಇಲ್ಲ, ಅಷ್ಟೇ ಅಲ್ಲ, ಚಹಾದ ಅಂಗಡಿಯವನೇ ಇಲ್ಲ. ಆ ಅಂಗಡಿಯವ ಮುದುಕಿಗೆ ಚಹಾ ಕೊಡದಿದ್ದರೆ ನನ್ನ ನಾಟಕ ಶುರುವೇ ಆಗುವುದಿಲ್ಲ. ಹೀಗೆಲ್ಲ ಆಗ ಯೋಚಿಸಿದೆನೋ ಈಗ ಅನಿಸುತ್ತಿದೆಯೋ ಗೊತ್ತಿಲ್ಲ. ಬಾಯಿಂದ ಬಂದದ್ದು ಅಪ್ಪನ ಕೂಗು. ಕುರಿ ದಾರಿ ತಪ್ಪಿದಾಗ ಹೊಟ್ಟೆಯೊಳಗಿನಿಂದ ಎಳೆದು ಕೂಗುವುದು. ಸಣ್ಣವಳಿದ್ದಾಗ ಔರಾದ ಗುಡ್ಡದಲ್ಲಿ ನಾನೂ ಕೂಗುತ್ತಿದ್ದೆ. ಅದಾದ ಮೇಲೆ ಇಂದೇ.

ಒಮ್ಮೆ ಕೂಗಿದೆ. ಉಣ್ಣುತ್ತಿದ್ದ ಹೊಲಗಳೆಲ್ಲ ಸುಮ್ಮನಾದವು. ಮತ್ತೆ ಮತ್ತೆ ಕೂಗುತ್ತ ಬದು ಹಿಡಿದು ನಡೆದೆ. ಆಗ ದೂರದಲ್ಲಿ ಧೂಳೆದ್ದಿತು. ನಮ್ಮ ಕುರಿಗಳು ಅಪ್ಪನನ್ನು ಬಿಟ್ಟು ನನ್ನ ಕಡೆಗೇ ಓಡಿ ಬರುತ್ತಿದ್ದವು, ಹಿಂದೆ ಅಪ್ಪ ಬಡಿಗೆ ಹಿಡಿದು, ತೋಳ ಬಂತೆಂದು. ಇಡೀ ಹಿಂಡು ಯಾರದೋ ತೊಗರಿಯೊಳಗೆ ನುಗ್ಗಿತು. ಒಳಗಿನಿಂದ “ಯಾ ಅಲ್ಲಾ” ಎಂಬ ದನಿ ಬಂತು. ಮಕ್ಸೂದ ಮಾಮಾ ಎದ್ದು ನಿಂತರು, ತಲೆ ತುಂಬ ತೊಗರಿ ಎಲೆ, ಎದೆಯ ಮೇಲೆ ಗೊರಸಿನ ಗುರುತು.

“ಅಂಬಲಿ ಕುಡದದ್ದ ನೆಪ್ಪದ ಬೇಟಾ,” ಎಂದರು. “ಆಮ್ಯಾಲ ಕುರಿ.”

ದಾರಿಯುದ್ದಕ್ಕೂ ಎತ್ತಿನ ಗಾಡಿ, ಟ್ರ್ಯಾಕ್ಟರು. ಮಾಮಾ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. ನಾವು ಡಬ್ಬಿಯೊಳಗೆ ಕಾಲಿಡುವುದಕ್ಕೂ ರೈಲು ಅಲುಗುವುದಕ್ಕೂ ಸರಿಹೋಯಿತು. ಆಯಿಯನ್ನು ಕೆಳಗಿನ ಬರ್ತಿನಲ್ಲಿ ಕೂರಿಸಿದೆವು. ಎಲ್ಲರೂ ಉಸಿರು ಬಿಟ್ಟ ಮೇಲೆ ನಗು ಶುರುವಾಯಿತು, ನಿಲ್ಲಲೇ ಇಲ್ಲ.

ಶಶಿಕಲಕ್ಕ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಯಾಕೆಂದು ಕೇಳಹೋದೆ, ಗಂಟಲು ಉರಿದು ದನಿ ಹೊರಡಲಿಲ್ಲ.

ಡಿಸೆಂಬರ್ 20, ಶನಿವಾರ

ದನಿ ಪೂರ್ತಿ ಹೋಗಿದೆ. ಲಾಡ್ಜಿನವನು “ಮಲ್ಲೇಶ್ವರಿ ಮೇಡಂ ಯಾರು?” ಎಂದಾಗ ಕೈ ಎತ್ತಿದೆ. ಬಿಸಿನೀರು ಬಂತು. ಆಯಿ ಕಿಟಕಿಯ ಹತ್ತಿರ ಮಂಚ ಹಿಡಿದಿದ್ದಾಳೆ, ವಿಮಾನ ಹೋದಾಗಲೆಲ್ಲ “ಇದು ಎಲ್ಲೀದ?” ಅಂತ ನನ್ನನ್ನು ಕೇಳುತ್ತಾಳೆ.

ದನಿ ಹೋದದ್ದು ಒಳ್ಳೆಯದೇ ಆಯಿತು. ಈಗ ಯಾರೂ ಮಾತಾಡು ಅನ್ನುವಂತಿಲ್ಲ. ಹೀಗೆ ಅಂದುಕೊಂಡ ಮೇಲೂ ಸಮಾಧಾನ ಬರಲಿಲ್ಲ. ಯಾಕೆಂದು ತಿಳಿಯದು.

ಡಿಸೆಂಬರ್ 21, ಭಾನುವಾರ. ಮರಳಿ ರೈಲಿನಲ್ಲಿ

ನಿನ್ನೆಯದು ಬರೆದುಬಿಡಬೇಕು.

ಕಡೆಯ ಸಾಲಿನ ಕಡೆಯ ಸೀಟು ಹಿಡಿದು ಕೂತಿದ್ದೆ. ಜನ ತುಂಬಿದ್ದರು. ಅಷ್ಟು ಜನರ ನಡುವೆ ಕತ್ತಲಲ್ಲಿ ಕೂತು ನನ್ನದೇ ಮಾತು ಕೇಳುವುದು ಹಗ್ಗದ ಹತ್ತಿರ ನಿಂತು ಕೇಳಿದಂತಲ್ಲ. ಮುದುಕಿ, “ಬಸ್ಸ ಬರೂ ತನಕ ನಿನ್ನ ಕಥಿ ಹೇಳು, ಬಂದ ಮ್ಯಾಲ ಸುಮ್ನಾಗು, ಬಸ್ಸಿನಾಗ ನಮ್ಮ ಊರವರಿರ್ತಾರ,” ಎಂದಾಗ ಮುಂದಿನ ಸಾಲಿನ ಒಬ್ಬಾಕೆ ಕಣ್ಣೊರೆಸಿಕೊಂಡಳು. ಬೆಂಗಳೂರಿನಾಕೆ. ಅವಳಿಗೇನು ಗೊತ್ತು ವಸ್ತಿ ಬಸ್ಸು. ಆದರೂ ಒರೆಸಿಕೊಂಡಳು.

ಹಾರ್ನ್ ಕೇಳಿತು, ದೀಪ ಆರಿತು, ಚಪ್ಪಾಳೆ ಆಯಿತು. ಮೇಡಂ ಮೈಕು ಹಿಡಿದು, “ಈಗ ಈ ನಾಟಕ ಬರೆದ ಶಶಿಕಲಾ ಅವರ ಜೊತೆ ಮಾತಾಡೋಣ,” ಎಂದರು.

ಶಶಿಕಲಕ್ಕ ಮೈಕಿನ ಮುಂದೆ ಬಂದರು. ಬಂದು ಕೈ ಕಟ್ಟಿ ನಿಂತರು. ಹಿಂದಿನ ಸಾಲು ನೋಡಿದರು. ಚಪ್ಪಾಳೆ ನಿಂತಿತು. “ಹೇಳಿ,” ಎಂದರು ಮೇಡಂ. ಶಶಿಕಲಕ್ಕ ನೋಡುತ್ತಲೇ ಇದ್ದರು. ಯಾರೋ ಕೆಮ್ಮಿದರು. ಅಷ್ಟು ಜನರ ಮುಂದೆ ಮಾತಿನ ಮಲ್ಲಿಯಂಥ ಶಶಿಕಲಕ್ಕ ಮೂಕಿಯಂತೆ ನಿಂತಿದ್ದರು, ನನ್ನಿಂದ. ಅವರ ಕುತ್ತಿಗೆಯ ಬೆವರು ದೀಪಕ್ಕೆ ಹೊಳೆಯುತ್ತಿತ್ತು.

ಎದ್ದೆ. “ನಾ ರೀ, ನಾ ಬರದೀನ್ರಿ,” ಎಂದೆ. ಗಂಟಲಿನಿಂದ ಗಾಳಿ ಮಾತ್ರ ಬಂತು. ಪಕ್ಕದವರು ಬಗ್ಗಿ, “ಟಾಯ್ಲೆಟ್ ಹೊರಗಡೆ, ಎಡಕ್ಕೆ,” ಎಂದರು.

ದನಿ ಇದ್ದಿದ್ದರೆ ಅಲ್ಲಿಂದಲೇ ಹೇಳಿ ಕೂತುಬಿಡುತ್ತಿದ್ದೆ. ಇರಲಿಲ್ಲವಲ್ಲ, ಮುಂದೆಯೇ ಹೋಗಬೇಕಾಯಿತು. ಅದು ಉದ್ದನೆಯ ದಾರಿ. ಎಲ್ಲರ ಮುಖ ತಿರುಗುತ್ತಿದ್ದದ್ದು ತಿಳಿಯುತ್ತಿತ್ತು. ಮೆಟ್ಟಿಲ ಹತ್ತಿರ ಮಕ್ಸೂದ ಮಾಮಾ ಕೈ ಕೊಟ್ಟರು. ಶಶಿಕಲಕ್ಕ ಪಕ್ಕಕ್ಕೆ ಸರಿದು ಮೈಕನ್ನು ನನ್ನ ಬಾಯಿಯ ಎತ್ತರಕ್ಕೆ ಇಳಿಸಿದರು.

“ಇದನ್ನ ಬರದಾಕಿ ನಾನರಿ. ಶಶಿಕಲಕ್ಕ ಅಲ್ಲ. ಅಂಜಿ ಫೋನಿನಾಗ ಅವರ ಹೆಸರ ಹೇಳಿದ್ದೆ. ನನ್ನ ಹೆಸರು ಮಲ್ಲೇಶ್ವರಿ. ಅವ್ವ ಭೀಮಬಾಯಿ, ಅಪ್ಪ ಬಕ್ಕಪ್ಪ, ಊರು ಖಟಕ ಚಿಂಚೋಳಿ.” ಅವ್ವ ಅಪ್ಪನ ಹೆಸರು ಯಾಕೆ ಹೇಳಿದೆನೋ. ದನಿ ಬಾಗಿಲು ಕಿರುಗುಟ್ಟಿದಂತೆ ಬಂತು. ಮೈಕು ಒಳ್ಳೆಯದಿತ್ತು.

ಮೇಡಂ ನನ್ನ ಕಡೆ ನೋಡಿ, “ಅಂಗಡಿಯಾಕಿ,” ಎಂದರು ಮೆಲ್ಲಗೆ. ಬಯ್ಯಲಿಲ್ಲ.

ಎಲ್ಲಿಯ ತನಕ ಓದಿದ್ದೀರಿ ಎಂದು, ನಾನು ಕಾಯುತ್ತಿದ್ದ ಆ ಪ್ರಶ್ನೆ ಯಾರೂ ಕೇಳಲಿಲ್ಲ. ಕಣ್ಣೊರೆಸಿಕೊಂಡಾಕೆ ಎದ್ದು ಕೇಳಿದಳು, “ಕೊನೇಲಿ ಕೇಳಿಸಿದ ಹಾರ್ನ್ ಬಸ್ಸಿಂದಾ, ಲಾರೀದಾ? ಅವರಿಗೆ ಬಸ್ಸು ಸಿಗುತ್ತಾ?”

“ಬಸ್ಸಿಂದೇ ಅದರಿ,” ಎಂದೆ. “ತಡಾ ಆಗಬಹುದು, ಬರದ ಇರಂಗಿಲ್ಲ. ಅದು ನಮ್ಮ ಊರಾಗೇ ಮಲಗಬೇಕಲ್ಲರಿ. ಬ್ಯಾರೆ ಎಲ್ಲಿ ಹೋಗ್ತದ.”

ಎಲ್ಲರೂ ನಕ್ಕರು. ನಗುವಂಥದ್ದು ಏನಿತ್ತೋ. ಆಮೇಲೆ ಬಹಳ ಹೊತ್ತು ಚಪ್ಪಾಳೆ ಹೊಡೆದರು.

ಲಾಡ್ಜಿಗೆ ನಡೆದು ಬರುವಾಗ ಶಶಿಕಲಕ್ಕ ಅಂದದ್ದು ಇಷ್ಟೇ, “ನಿಂತು ನಿಂತು ಕಾಲ ನೋಯಾಕತ್ತಿತ್ತು. ಜರಾ ಲಗೂನ ಏಳಬಾರದಿತ್ತೇನ?”

ಡಿಸೆಂಬರ್ 23, ಮಂಗಳವಾರ

ನಿನ್ನೆ ಮನೆಗೆ ಬಂದೆ. ಅವ್ವ ಬೆಲ್ಲ, ಮೆಣಸಿನ ಕಷಾಯ ಮಾಡಿ ಕೊಟ್ಟಳು. ನಾನು ಫೋನು ತೆಗೆದು ಪೋಸ್ಟರನ್ನು ಮತ್ತೆ ಅವಳ ಮುಂದೆ ಹಿಡಿದೆ.

“ಅವ್ವ, ನಾ ಅವತ್ತ ತೋರಿಸಿದ್ದು ನನ್ನ ಹೆಸರಲ್ಲ. ಇದರಾಗ ನನ್ನ ಹೆಸರೇ ಇಲ್ಲ.”

ಅವ್ವ ಫೋನು ನೋಡಲಿಲ್ಲ, ನನ್ನನ್ನು ನೋಡಿದಳು. “ಮತ್ತ?”

“ಬಾಯಿಲೆ ಹೇಳಿ ಬಂದೇನಿ. ನಿನ್ನದೂ ಹೇಳೀನಿ.”

“ಎಲ್ಲಾರೂ ಕೇಳ್ಯಾರ?”

“ಕೇಳ್ಯಾರ.”

“ಹಂಗಾದ್ರ ಬೇಷಾತು,” ಎಂದಳು. “ಓದಾಕ ಬರದವರಿಗೂ ತಿಳೀತು.” ಕಷಾಯದ ಲೋಟ ಇನ್ನಷ್ಟು ತುಂಬಿದಳು.

ಇಂದು ಬೆಳಿಗ್ಗೆ ವಸ್ತಿ ಬಸ್ಸಿಗೆ ಹೋದೆ. ಗದ್ದಲ ಬಹಳವಿತ್ತು. ಹುಸೇನಣ್ಣನಿಗೆ ರಜೆ, ಹೊಸ ಕಂಡಕ್ಟರು ಕೇಳದೆಯೇ ಬೀದರ ಬಸ್ ನಿಲ್ದಾಣದ ಟಿಕೇಟು ಕೊಟ್ಟು ಮುಂದೆ ಹೋದರು. “ಚಿದ್ರಿ ಕೊಡ್ರಿ,” ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು, ಡ್ರೈವರು ಸಹ ಕನ್ನಡಿಯಲ್ಲಿ ನೋಡಿದರು.

ಗಂಟಲು ಸರಿಹೋಗಿದೆ ಅನಿಸುತ್ತದೆ.